ಬಾರ್ ದಾಟಿಸುವ ಕೆಲಸ

ನಾನು ಕುಡಿತ ಬಿಟ್ಟ ಹೊಸತು. ಲಗ್ಗೆರೆಯ ನಮ್ಮ ವರ್ಕ್‌ಶಾಪಿನ ಸೂಪರ್‌ವೈಸರ್ ನನ್ನನ್ನು ಪಕ್ಕಕ್ಕೆ ಕರೆದು, “ನಮ್ಮ ಶಾಪಿನ ರುದ್ರಣ್ಣನೂ ಬಿಟ್ಟಿದಾರೆ ಕಣಯ್ಯಾ. ಆದ್ರೆ ಆ ಮೂಲೆ ಬಾರ್ ಒಬ್ರೇ ದಾಟೋಕಾಗಲ್ಲ. ದಿನಾ ಸಂಜೆ ಜೊತೇಲಿ ಹೋಗಿ ಮನೆ ಮುಟ್ಟಿಸು. ನಾನು ಹೇಳ್ದೆ ಅನ್ಬೇಡ” ಅಂದರು.

ನನ್ನನ್ನೂ ಒಬ್ಬರು ನಂಬಿದರಲ್ಲ ಅಂತ ಎದೆ ಉಬ್ಬಿತು. ಬಾರ್ ಹತ್ತಿರ ಬಂದ ಕೂಡಲೇ ರುದ್ರಣ್ಣನ ತೋಳು ಹಿಡಿದು, ಅವರ ಮಗಳ ಓದು, ನಮ್ಮನೆ ನಲ್ಲಿ ರಿಪೇರಿ, ಬಾಯಿಗೆ ಬಂದದ್ದೆಲ್ಲ ಮಾತಾಡುತ್ತಾ ದಾಟಿಸುತ್ತಿದ್ದೆ. ಆ ಗಡಿಬಿಡಿಯಲ್ಲಿ ನನಗೆ ಕುಡಿಯುವ ಆಸೆಯೇ ನೆನಪಾಗುತ್ತಿರಲಿಲ್ಲ.

ಒಂದು ದಿನ ಜ್ವರ ಬಂದು ಕೆಲಸಕ್ಕೆ ಹೋಗಲಿಲ್ಲ. ಸಂಜೆ ಯಾರೋ ದಬದಬ ಬಾಗಿಲು ಬಡಿದರು. ನೋಡಿದರೆ ರುದ್ರಣ್ಣ, ಏದುಸಿರು ಬಿಡುತ್ತಾ ನಿಂತಿದ್ದಾರೆ. ಹತ್ತಿರ ಬಂದವರೇ ನನ್ನ ಬಾಯಿ ಮೂಸಿದರು.

“ಏನ್ ರುದ್ರಣ್ಣ ಇದು?”

“ತಪ್ಪು ತಿಳ್ಕೋಬೇಡಪ್ಪಾ. ನಿನ್ನನ್ನ ದಿನಾ ಮನೆ ಮುಟ್ಟಿಸು ಅಂತ ಸೂಪರ್‌ವೈಸರು ನನಗೆ ಒಪ್ಸಿದಾರೆ. ಇವತ್ತು ನೀನು ಕಾಣ್ಲಿಲ್ಲ. ಬಾರ್ ಒಳಗೂ ಹೋಗಿ, ಒಂದೊಂದು ಟೇಬಲ್ಲೂ ಹುಡುಕಿ ಬಂದೆ.”

ಒಬ್ಬರೇ ಬಾರ್ ಒಳಗೆ ಹೋಗಿ, ಒಂದು ಹನಿಯೂ ಮುಟ್ಟದೆ ಬಂದಿದ್ದರು.

ನನಗೆ ಒಪ್ಪಿಸಿದ್ದ ಕೆಲಸದ ಬಗ್ಗೆ ನಾನು ಬಾಯಿ ಬಿಡಲಿಲ್ಲ. ಪಾಪ, ನನ್ನನ್ನ ಕಾಯೋ ಅವರ ಕೆಲಸ ಯಾಕೆ ಕಿತ್ಕೋಬೇಕು!