ಬೀಗರು ಕೂತದ್ದು ನನ್ನ ಎಡಕ್ಕೆ

ಜೇಜುರಿಗೆ ಹೋಗಿ ಬಂದವರ ಮೈಮೇಲೆ ಭಂಡಾರ ಉಳಿದೇ ಉಳಿಯುತ್ತದೆ. ಖಂಡೋಬಾನ ಗುಡಿಯ ಮೆಟ್ಟಿಲ ಮೇಲೆ ಜನ ಎರಚುವ ಆ ಅರಿಶಿನಪುಡಿ ತಲೆ, ಕಿಸೆ, ಕಿವಿ ಎಲ್ಲ ಕಡೆ ಹೊಕ್ಕಿರುತ್ತದೆ. ಮನೆಗೆ ಬಂದು ತಲೆಸ್ನಾನ ಮಾಡಿದವನೇ ಹತ್ತಿಯ ಕಡ್ಡಿಯನ್ನು ಎಡಗಿವಿಗೆ ಹಾಕಿ ತಿರುವಿದೆ. ತುದಿಗೆ ಒಂದಿಷ್ಟು ಹಳದಿ ಬಂತು. ಇನ್ನೂ ಬರಲಿ ಎಂದು ಇನ್ನೂ ಒಳಗೆ ಒತ್ತಿದೆ. ಯಾರೋ ಬಾಗಿಲು ಎಳೆದುಕೊಂಡ ಹಾಗೆ ಕಿವಿ ಮುಚ್ಚಿಬಿಟ್ಟಿತು.

ಗಾಬರಿಗಿಂತ ಮೊದಲು ಬಂದದ್ದು ನಾಚಿಕೆ. ಪುಣೆಯ ಕೊಂಢವಾದಲ್ಲಿ ನನ್ನದು ಹಳೆ ಬಾಗಿಲು ಕಿಟಕಿಗಳ ವ್ಯಾಪಾರ. ಪೇಟೆಯೊಳಗಿನ ಹಳೆಯ ವಾಡೆ ಮನೆಗಳನ್ನು ಕೆಡವುವಾಗ ಸಾಗವಾನಿ ಚೌಕಟ್ಟುಗಳನ್ನು ಕೊಂಡು ತಂದು ಮಾರುತ್ತೇನೆ. ಮರವನ್ನು ಬೆರಳ ಗೆಣ್ಣಿನಿಂದ ತಟ್ಟಿ, ಸಪ್ಪಳದ ಮೇಲೆಯೇ ಒಳಗೆ ಗೆದ್ದಲು ಹತ್ತಿದೆಯೋ ಇಲ್ಲವೋ ಹೇಳುವವನು ಎಂದು ನನಗೆ ಹೆಸರು. ಅಂಥವನಿಗೆ ಕಿವಿ ಕೇಳುವುದಿಲ್ಲ ಎಂದು ಗೊತ್ತಾದರೆ ನನ್ನ ಹತ್ತಿರ ಯಾರು ಬಾಗಿಲು ಕೊಳ್ಳುತ್ತಾರೆ? ಅದೂ ಅಲ್ಲದೆ, ಕಿವಿನೋವು ಎಂದವರಿಗೆಲ್ಲ ‘ಬಿಸಿ ಎಣ್ಣಿ ಬಿಡ್ರಿ, ಕಡ್ಡಿ ಹಾಕಿ ತಿರುವ್ರಿ’ ಎಂದು ಕೇಳದಿದ್ದರೂ ಸಲಹೆ ಕೊಟ್ಟವನು ನಾನು. ಈಗ ಯಾವ ಬಾಯಿಂದ ಹೇಳಲಿ?

ಹೇಳಲಿಲ್ಲ. ಗಿರಾಕಿ ಬಂದರೆ ಬಲಗಿವಿ ಅವನ ಕಡೆಗೆ ಬರುವಂತೆ ನಿಲ್ಲುತ್ತಿದ್ದೆ. ಕೇಳಿಸದಿದ್ದರೆ ಸುಮ್ಮನಿರುತ್ತಿದ್ದೆ. ಸುಮ್ಮನಿರುವುದು ಹೇಗೂ ನನ್ನ ಹಳೆಯ ಪಟ್ಟು. ಎದುರಿನವನು ದರ ಹೇಳಿದಾಗ ಬಾಯಿ ಬಿಡಬಾರದು, ಮುಖದಲ್ಲಿ ಏನೂ ತೋರಿಸಬಾರದು. ಆ ಮೌನ ತಡೆಯಲಾರದೆ ಅವನೇ ಇಳಿಯುತ್ತಾನೆ. ಹಾಗಾಗಿ ನನ್ನ ಕಿವುಡು ಅಂಗಡಿಯಲ್ಲಿ ಚೌಕಾಶಿಯಂತೆಯೇ ಕಾಣಿಸಿ ಸಾಗಿಹೋಯಿತು. ಮನೆಯಲ್ಲಿ ಮಾತ್ರ ಹೆಂಡತಿ, “ಏನ್ರಿ, ಟೀವಿ ನಮಗಷ್ಟ ಸಾಕು, ಮ್ಯಾಲಿನ ಮನಿಯವ್ರಿಗೂ ಕೇಳಸ್ಬೇಕೇನು?” ಎಂದು ಕುಟುಕುತ್ತಿದ್ದಳು.

ಅದೇ ವಾರ ಮಗಳನ್ನು ನೋಡಲು ಬಂದರು. ಹುಡುಗ, ಅವನ ತಂದೆ, ತಾಯಿ. ಬೆಳಗಾವಿ ಕಡೆಯವರು, ಪುಣೆಯಲ್ಲೇ ನೆಲೆಸಿದ ಮನೆತನ. ಮಗಳಿಗೆ ಹುಡುಗ ಮನಸ್ಸಿಗೆ ಬಂದಿದ್ದ. ಅದು ಅವಳ ಮುಖದಲ್ಲೇ ಗೊತ್ತಾಗುತ್ತಿತ್ತು. ಉಪ್ಪಿಟ್ಟು, ಚಹಾ ಆದ ಮೇಲೆ ಹುಡುಗನ ತಂದೆ ಎದ್ದು ಬಂದು ನನ್ನ ಪಕ್ಕದಲ್ಲಿ ಕೂತರು. ಎಡಕ್ಕೆ. ಮೇಲೆ ಫ್ಯಾನಿನ ಸದ್ದು. ನನ್ನ ಕಡೆ ಬಾಗಿ, ದನಿ ತಗ್ಗಿಸಿ ಏನೋ ಹೇಳತೊಡಗಿದರು. ‘ಈ ಕಡೆ ಬರ್ರಿ, ನನಗ ಆ ಕಿವಿ ಕೇಳಸೂದಿಲ್ಲ’ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಬೀಗರಾಗುವವರ ಎದುರು ಕಿವುಡನಾಗಲು ಮನಸ್ಸು ಒಪ್ಪಲಿಲ್ಲ. ಇಷ್ಟು ಮೆಲ್ಲಗೆ ಹೇಳುವುದು ಮದುವೆ ಖರ್ಚಿನ ಮಾತೇ ಇರಬೇಕು ಎಂದು ನಾನೇ ಲೆಕ್ಕ ಹಾಕಿದೆ. ಕಪ್ಪಿನ ತಳ ನೋಡುತ್ತ, ಅಂಗಡಿಯ ಮುಖ ಹೊತ್ತು ಸುಮ್ಮನೆ ಕೂತೆ. ಅವರು ಮಾತು ಮುಗಿಸಿ ನನ್ನನ್ನೇ ನೋಡಿದಾಗ, ನಾಲಿಗೆಗೆ ರೂಢಿಯಾದ ಮಾತು ಹೊರಗೆ ಬಂತು: “ನೋಡೂಣ್ರಿ. ಸ್ವಲ್ಪ ನೀವು ಇಳೀರಿ, ಸ್ವಲ್ಪ ನಾವು ಇಳೀತೀವಿ.”

ಅವರ ಮುಖ ಬಿಳುಚಿತು. ಹುಡುಗನ ತಾಯಿ ಸೆರಗು ಸರಿಮಾಡಿಕೊಂಡು ಎದ್ದರು. ಮೂವರೂ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಬಾಗಿಲು ಹಾಕಿದ್ದೇ ಮಗಳು ನನ್ನ ಮುಂದೆ ಬಂದು ನಿಂತಳು. “ಅಪ್ಪಾ, ಬಾಜೂಕ ನಿಂತ ನನಗ ಎಲ್ಲಾ ಕೇಳಿಸ್ತು. ಅವ್ರು ಏನ್ ಹೇಳಿದ್ರು, ನೀವು ಏನ್ ಅಂದ್ರಿ! ಹುಡುಗಗ ಸಣ್ಣಾಂವಿದ್ದಾಗ ಕಿವಿ ಸೋರಿ ಆಪರೇಷನ್ ಆಗೇದ, ಒಂದ್ ಕಿವಿ ಕಡಿಮಿ ಕೇಳಸ್ತದ, ಮುಚ್ಚಿಡಬಾರದು ಅಂತ ಹೇಳಾಕತ್ತೀನಿ ಅಂದ್ರು. ಅದಕ್ಕ ನೀವು ಚೌಕಾಶಿ ಮಾಡಿದ್ರಿ!”

ನೆಲ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. “ನನಗ ಕೇಳಸ್ಲಿಲ್ಲವ್ವಾ,” ಎಂದೆ. ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಮಗಳೇ ಕಿವಿ ಡಾಕ್ಟರ ಹತ್ತಿರ ಕರೆದೊಯ್ದಳು. ಡಾಕ್ಟರು ಹೆಣ್ಣುಮಗಳು. ದೀಪ ಹಾಕಿ ನೋಡಿದವರೇ ಮರಾಠಿಯಲ್ಲಿ, “ಕಾಕಾ, ಕಡ್ಡಿ ಹಾಕಿದ್ರಾ?” ಎಂದರು. ಸುಳ್ಳು ಹೇಳಲು ಹೋದೆ. ಮಗಳು ಕೆಮ್ಮಿದಳು. ಹೌದೆಂದೆ.

ಆಮೇಲೆ ಅವರು ಹೇಳಿದ್ದು ನಾನು ನಾಚಿಕೆಯನ್ನೇ ಬೆಲೆ ಕೊಟ್ಟು ಕೊಂಡ ಮಾಲು, ನಿಮಗೆ ಪುಕ್ಕಟೆ ಕೊಡುತ್ತೇನೆ, ತೆಗೆದುಕೊಳ್ಳಿ. ಕಿವಿಯ ಗುಗ್ಗೆ ಹೊಲಸಲ್ಲ, ಕಿವಿಯನ್ನು ಕಾಯುವುದೇ ಅದು. ಅದು ತಾನಾಗಿಯೇ ಹೊರಗೆ ಸರಿದು ಬರುತ್ತದೆ. ಕಡ್ಡಿ, ಪಿನ್ನು, ಗಾಡಿಯ ಕೀಲಿ ಯಾವುದೂ ಅದನ್ನು ತೆಗೆಯುವುದಿಲ್ಲ, ಒಳಗೆ ಗಿಡಿಯುತ್ತವೆ. ಕಿವಿಯೊಳಗಿನ ಪರದೆಗೆ ತೂತು ಬೀಳುವುದೂ ಉಂಟು. ಸ್ನಾನವಾದ ಮೇಲೆ ಹೊರಗಿವಿಯನ್ನು ಬಟ್ಟೆಯಿಂದ ಒರೆಸಿದರೆ ಸಾಕು. ಕಿವಿ ಸೋರುತ್ತಿದ್ದರೆ, ನೋಯುತ್ತಿದ್ದರೆ ಎಣ್ಣೆಯನ್ನಾಗಲಿ ಮತ್ತೇನನ್ನಾಗಲಿ ಬಿಡಬಾರದು. ಇದ್ದಕ್ಕಿದ್ದಂತೆ ಕೇಳಿಸದಾದರೆ ನನ್ನ ಹಾಗೆ ನಾಟಕ ಮಾಡುತ್ತ ಕೂರದೆ ಅದೇ ದಿನ ಡಾಕ್ಟರಿಗೆ ತೋರಿಸಬೇಕು, ಎಲ್ಲ ಕಿವುಡೂ ಗುಗ್ಗೆಯದೇ ಇರುವುದಿಲ್ಲ. ನನ್ನದು ಗಟ್ಟಿಯಾಗಿ ಕೂತಿತ್ತು. ಹಿಂದೆ ಕಿವಿ ಸೋರಿತ್ತೇ, ಆಪರೇಷನ್ ಆಗಿತ್ತೇ ಎಂದು ಕೇಳಿ, ಮೆತ್ತಗಾಗಲು ಹನಿಗಳನ್ನು ಬರೆದುಕೊಟ್ಟರು. ಕೆಲವು ದಿನ ಬಿಟ್ಟು ಬಂದರೆ ಎಳೆದು ತೆಗೆಯುತ್ತೇನೆ ಎಂದರು.

ಅಷ್ಟು ದಿನ ಕಾಯುವಂತಿರಲಿಲ್ಲ. ಮುಚ್ಚಿದ ಕಿವಿ ಹೊತ್ತುಕೊಂಡೇ ಸಂಜೆ ಹುಡುಗನ ಮನೆಗೆ ಹೋದೆ. ತಂದೆ ಬಾಗಿಲು ತೆಗೆದರು, ‘ಬರ್ರಿ’ ಎಂದರು, ನಗಲಿಲ್ಲ. ಕೂತ ಮೇಲೆ, “ಇಳೀರಿ ಅಂದ್ರೆಲಾ, ಎಲ್ಲಿಂದ ಇಳೀಬೇಕು ಅಂತ ವಿಚಾರ ಮಾಡಾಕತ್ತೀನ್ರಿ. ಮಗನ ಕಿವಿ ದರಾ ಹಚ್ಚೂ ಸಾಮಾನೇನ್ರಿ?” ಎಂದು ಸುಮ್ಮನಾದರು.

ಮೌನದಲ್ಲಿ ಮೊದಲು ಬಾಯಿಬಿಟ್ಟವನು ಸೋಲುತ್ತಾನೆ. ಅಂಗಡಿಯಲ್ಲಿ ಆಳುಗಳಿಗೆ ನಾನೇ ಕಲಿಸಿದ್ದು ಅದು. ಅವರ ಎದುರು ನಾನೇ ಮೊದಲು ಬಾಯಿಬಿಟ್ಟೆ. ಭಂಡಾರ, ಕಡ್ಡಿ, ಮುಚ್ಚಿದ ಎಡಗಿವಿ, ಕೇಳಿಸಿದಂತೆ ನಟಿಸಿದ್ದು, ಎಲ್ಲ ಹೇಳಿದೆ. “ನೀವು ಮಗಂದು ಮುಚ್ಚಿಡ್ಲಿಲ್ಲ. ನಾ ನಂದು ಮುಚ್ಚಿಟ್ಟೆ,” ಎಂದೆ.

ಒಳಗಿನಿಂದ ಬಂದ ಹುಡುಗ ಕುರ್ಚಿಯನ್ನು ಎತ್ತಿ ತಂದು ನೇರ ನನ್ನ ಮುಂದೆ ಇಟ್ಟುಕೊಂಡ. “ಕಾಕಾ, ನಂದೂ ಎಡಗಿವೀನ. ಬಾಜೂಕ ಕುಂತ್ರ ನಮ್ಮಿಬ್ಬರಾಗ ಒಬ್ಬರಿಗೆ ಕೇಳಸೂದಿಲ್ಲ. ಎದುರಿಗೆ ಕುಂತ್ರ ಇಬ್ಬರಿಗೂ ಕೇಳಸ್ತದ,” ಎಂದ. ಎಷ್ಟು ಹಗುರವಾಗಿ ಹೇಳಿದ! ಇಷ್ಟೇ ಮಾತು ನನ್ನಿಂದ ಆಗಿರಲಿಲ್ಲವಲ್ಲ ಎಂದು ತಲೆ ಮೇಲೆತ್ತಲಾಗಲಿಲ್ಲ.

ತಂದೆ ಎದ್ದು ನನ್ನ ಬಲಕ್ಕೆ ಬಂದು ಕೂತು, ಬೇಕಾದ್ದಕ್ಕಿಂತ ಜೋರಾಗಿಯೇ ಹೇಳಿದರು:

“ರವಿವಾರ ಮತ್ತ ಬರ್ತೀವ್ರಿ. ಆದ್ರ ಈ ಸಲ ಮಾತು ನಿಮ್ಮ ಮಗಳ ಕೂಡ. ನೀವು ಚಹಾ ಅಷ್ಟ ಕೊಡ್ರಿ.”