ಕಾರ್ಡಿಗೆ ಸಿಗದ ಕೊಸರು

ಕುಂಬಾರಕೊಪ್ಪಲಿನ ಮಂಜುಶ್ರೀ ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಾಳೆ. ಅವ್ವ ತಿಮ್ಮಮ್ಮನನ್ನು ಒಮ್ಮೆಯಾದರೂ ವಿಮಾನ ಹತ್ತಿಸಬೇಕೆಂದು, ಖರ್ಚು ಮಾಡಿದಷ್ಟೂ ವಿಮಾನದ ಪುಕ್ಕಟೆ ಟಿಕೆಟ್ಟಿಗೆ ಪಾಯಿಂಟ್ ಕೂಡುವ ಬ್ಯಾಂಕಿನ ಕಾರ್ಡೊಂದನ್ನು ಯುಗಾದಿಯ ಹೊತ್ತಿಗೆ ಮಾಡಿಸಿದಳು. ಅಂದಿನಿಂದ ಸೊಪ್ಪು, ಸೋಪು, ಅಕ್ಕಿ ಎಲ್ಲವೂ ಕಾರ್ಡು ಉಜ್ಜುವ ದೊಡ್ಡ ಅಂಗಡಿಯಿಂದಲೇ ಬಂದವು.

“ಅಲ್ಲಿ ಒಂದ್ ಕಡ್ಡಿ ಕರಿಬೇವೂ ಕೊಸರು ಕೊಡಕ್ಕಿಲ್ಲ,” ಎಂದು ಅವ್ವ ಗೊಣಗುತ್ತಿದ್ದಳು.

“ಕೊಸರು ವಿಮಾನದಲ್ಲಿ ಬತ್ತದೆ, ಸುಮ್ನಿರವ್ವ.”

ಎಂಟು ತಿಂಗಳಾದರೂ ಪಾಯಿಂಟು ಒಂದು ಟಿಕೆಟ್ಟಿನ ಅರ್ಧಕ್ಕೂ ಮುಟ್ಟಲಿಲ್ಲ. ಉಳಿದದ್ದು ಒಂದೇ ಏಟಿಗೆ ತುಂಬಲೆಂದು ತಂಗಿಯ ಮದುವೆಯ ಚಿನ್ನದ ಸರವನ್ನೂ ಅದೇ ಕಾರ್ಡಿನಲ್ಲಿ ಕೊಂಡಳು. ವಾರ ಕಾದರೂ ಪಾಯಿಂಟು ಏರದಿದ್ದಾಗ ಬ್ಯಾಂಕಿಗೆ ಫೋನ್ ಮಾಡಿದಳು.

“ಚಿನ್ನಕ್ಕೆ ಪಾಯಿಂಟ್ ಬರಲ್ಲ ಮೇಡಂ. ನಿಯಮದಲ್ಲೇ ಇದೆ,” ಎಂದಿತು ಆ ಕಡೆಯ ಮೆತ್ತನೆಯ ದನಿ.

ಮಂಜುಶ್ರೀ ಫೋನನ್ನು ಬೋರಲಾಗಿಟ್ಟು ಕುಳಿತಳು.

“ಕೊಸರನ್ನ ದುಡ್ಡು ಕೊಡೋಕ್ ಮುಂಚೆ ಕೇಳ್ಬೇಕು ಕಣೆ,” ಎಂದಳು ಅವ್ವ. “ಕೊಟ್ಬುಟ್ಮೇಲೆ ಯಾರ್ ಕೊಟ್ಟಾರು?”

ಆ ದನಿಯಲ್ಲಿ ವಿಮಾನ ತಪ್ಪಿದ ಬೇಸರ ಇರಲೇ ಇಲ್ಲ. ಮಂಜುಶ್ರೀಗೆ ಅದೇ ಹೆಚ್ಚು ಉರಿಯಿತು.

ಮರುದಿನ ಬೆಳಿಗ್ಗೆ ತಿಮ್ಮಮ್ಮ ಚೀಲ ಹಿಡಿದು ತನ್ನ ಹಳೆಯ ಸೊಪ್ಪಿನವಳ ಬಳಿಗೆ ಹೊರಟಳು. ಮಗಳು ತಡೆಯಲಿಲ್ಲ.