ಹುಳದ ಮನೆಯ ಗೋಡೆ

ಬಾಡಿಗೆ ಮನೆ ನೋಡಲು ಹೋದವರು ನೀರು ಬರುತ್ತದೆಯೇ ಎಂದು ಕೇಳುತ್ತಾರೆ, ಕಿಟಕಿ ತೆಗೆದು ನೋಡುತ್ತಾರೆ. ನಾನು ಮೊದಲು ಗೋಡೆ ಮುಟ್ಟುತ್ತೇನೆ. ಕೆಲಸದಿಂದ ನಿವೃತ್ತಳಾಗಿ ಕುಂದಾಪುರದ ಕಡೆಗೆ ವಾಪಸು ಬಂದು, ಕಡಲ ಪಕ್ಕ ಮನೆ ಹುಡುಕುವಾಗಲೂ ಹಾಗೇ ಮಾಡಿದೆ. ಪುಷ್ಯ ಮಾಸದಲ್ಲೂ ಬೆವರುವ ಊರು ಅದು. ಮನೆಯ ಮುಂದಿನ ರಸ್ತೆ ಸೈಕಲ್ಲಿಗೆ ಹೇಳಿ ಮಾಡಿಸಿದ ಹಾಗಿತ್ತು. ಎಲ್ಲ ಸರಿಯಿದ್ದರೂ ಗೋಡೆಗೆ ಅಂಗೈ ಒತ್ತಿ ನಿಂತೆ. "ಗೆದ್ದಲು ಇಲ್ಲಮ್ಮ" ಎಂದರು ಮನೆಯವರು. ನಾನು ನೋಡುತ್ತಿದ್ದುದು ಗೆದ್ದಲನ್ನಲ್ಲ ಎಂದು ಅವರಿಗೆ ಹೇಳಿ ಏನು ಪ್ರಯೋಜನ!

ಇದು ಶಿಡ್ಲಘಟ್ಟದ ಕಡೆ ಅಂಟಿಕೊಂಡ ಚಾಳಿ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಹೆರಿಗೆ ಮಾಡಿಸುವ ನರ್ಸು, ಮದುವೆಯಾಗಿರಲಿಲ್ಲ. ಕಡಲು ಬಿಟ್ಟು ಬೇರೇನೂ ಕಾಣದವಳನ್ನು ಸರ್ಕಾರ ಚಿಕ್ಕಬಳ್ಳಾಪುರಕ್ಕೆ ಹಾಕಿತು. ಅಲ್ಲಿನ ಚಳಿಯನ್ನು ನನಗೆ ಯಾರೂ ಹೇಳಿರಲಿಲ್ಲ. ಸಂಜೆಯಾದರೆ ಬೆಟ್ಟದ ಕಡೆಯಿಂದ ಇಳಿದು ಬರುತ್ತಿತ್ತು, ಬೆಳಿಗ್ಗೆ ಎದ್ದರೆ ಎದುರು ಮನೆಯೇ ಕಾಣದಷ್ಟು ಮಂಜು. ಒಂದು ದಿನ ತಲೆಗೆ ಹಚ್ಚಿಕೊಳ್ಳಲು ಶೀಸೆ ಬಗ್ಗಿಸಿದರೆ ಎಣ್ಣೆ ಬೀಳಲಿಲ್ಲ. ಅಮ್ಮ ಕಳಿಸಿದ ತೆಂಗಿನೆಣ್ಣೆ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ನಮ್ಮೂರಲ್ಲಿ ಅಂಥದ್ದನ್ನು ಕಂಡವಳಲ್ಲ. ಶೀಸೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹಾಸಿಗೆ ಮೇಲೆ ಕೂತು ಅತ್ತುಬಿಟ್ಟೆ. ಎಣ್ಣೆಗಾಗಿ ಅಳುವ ಹೆಂಗಸನ್ನು ನೋಡಲು ಯಾರೂ ಇರಲಿಲ್ಲ, ಅದೊಂದು ಪುಣ್ಯ.

ಮಾರನೇ ವರ್ಷ ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವಿನ ಹಳ್ಳಿಗಳು ನನ್ನ ಪಾಲಿಗೆ ಬಂದವು. ಜೊತೆಗೆ ಒಂದು ಲೇಡೀಸ್ ಸೈಕಲ್ಲು. ಈ ಸಲ ಮೋಸಹೋಗಬಾರದೆಂದು ಕಾರ್ತಿಕ ಮುಗಿಯುವ ಮೊದಲೇ ಕೋಣೆ ಹುಡುಕಲು ಹೊರಟೆ. ನನಗೆ ಬೇಕಿದ್ದದ್ದು ಎರಡೇ: ಕೋಣೆ ಬೆಚ್ಚಗಿರಬೇಕು, ಬಾಗಿಲಲ್ಲಿ ಸೈಕಲ್ ಹತ್ತಿದರೆ ತಳ್ಳದೆ ಹೋಗುವಂತಿರಬೇಕು. ಶಿಡ್ಲಘಟ್ಟದ ಪೇಟೆಯಲ್ಲಿ ನೋಡಿದ ಕೋಣೆಗೆ ಚಪ್ಪಡಿ ಕಲ್ಲಿನ ಸೂರು, ಒಳಗೆ ಕಾಲಿಟ್ಟರೆ ಬಾವಿಗೆ ಇಳಿದ ಹಾಗೆ. ದಿಬ್ಬೂರಹಳ್ಳಿ ಕಡೆ ಮಣ್ಣಿನ ಮಾಳಿಗೆಯ ಮನೆಯೊಂದು ಸಿಕ್ಕಿತು. ಬೆಚ್ಚಗಿತ್ತು, ಆದರೆ ದಾರಿಯ ತುಂಬ ಕಲ್ಲು, ಮಧ್ಯೆ ಮರಳಿನ ಹಳ್ಳ. ಹೆರಿಗೆಗೆ ಕರೆ ಬಂದರೆ ನಾನು ತಲುಪುವಷ್ಟರಲ್ಲಿ ಮಗು ಅಂಬೆಗಾಲಿಡುತ್ತಿರುತ್ತದೆ.

ಕೊನೆಗೆ ಚಿಂತಾಮಣಿ ರಸ್ತೆಯ ಒಂದು ಹಳ್ಳಿಯಲ್ಲಿ ಆ ಮನೆ. ಮುಂದೆಯೇ ಟಾರು ರಸ್ತೆ, ಎರಡೂ ಕಡೆ ಹುಣಿಸೆ ಮರ, ಎರಡೂ ದಿಕ್ಕಿಗೆ ಏರು ಕಡಿಮೆ. ಜಮೀನಿದ್ದ ಕುಟುಂಬ. ಗಂಡ ಹೆಂಡತಿ ಇಬ್ಬರೇ ರೇಷ್ಮೆ ಹುಳ ಸಾಕುತ್ತಿದ್ದರು. ಇದ್ದ ಒಬ್ಬ ಮಗಳನ್ನು ಗೌರಿಬಿದನೂರಿನ ಕಡೆ ಮದುವೆ ಮಾಡಿ ಕೊಟ್ಟಿದ್ದರು. ಬಾಡಿಗೆಗೆ ಕೊಡುವ ಕೋಣೆ ಮನೆಯ ಪಕ್ಕಕ್ಕೆ ಅಂಟಿಕೊಂಡಿತ್ತು. ಅದಕ್ಕೆ ಬೀದಿಗೆ ಒಂದು ಬಾಗಿಲು, ಮನೆಯೊಳಕ್ಕೆ ಒಂದು ಬಾಗಿಲು. ಒಳಬಾಗಿಲಿಗೆ ಆ ಕಡೆಯಿಂದ ಚಿಲಕ ಹಾಕಿತ್ತು. ಸುಮ್ಮನೆ ಗೋಡೆಗೆ ಕೈ ಇಟ್ಟೆ. ಬೆಚ್ಚಗಿತ್ತು! ಗೋಡೆಯಾಚೆ ಹುಳದ ಕೋಣೆ. ಚಳಿಗೆ ಹುಳ ಮಂಕಾಗಬಾರದೆಂದು ಅಲ್ಲಿ ಹಗಲೂ ರಾತ್ರಿ ಇದ್ದಲಿನ ಕುಂಡ ಉರಿಯುತ್ತಿತ್ತು. ನಾನು ಆ ಕ್ಷಣವೇ ಒಪ್ಪಿದೆ.

ಮನೆಯ ಯಜಮಾನಿ ಅಷ್ಟು ಬೇಗ ಒಪ್ಪುವವರಲ್ಲ. ಐವತ್ತು ದಾಟಿದ, ಕಡ್ಡಿಯಂಥ ಹೆಂಗಸು.

"ನೋಡಮ್ಮ, ಹುಳ ಇರೋ ಮನೆ ಇದು. ವಾಸನೆ ಆಗಲ್ಲ ಅವಕ್ಕೆ. ಒಗ್ಗರಣೆ ಹಾಕೋ ಹಾಗಿಲ್ಲ. ನಿಮ್ ಕಡೆ ಒಣಮೀನು ತರೋ ಹಾಗಿಲ್ಲ. ಇನ್ನು ನಿನ್ ಕೆಲ್ಸ..." ಎಂದು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹೆರಿಗೆ ಮನೆಯಿಂದ ಬಂದ್ರೆ ಹಿತ್ತಲಿಂದ ಬಾ. ತಲೆ ಮೇಲೆ ನೀರು ಹುಯ್ಕೊಂಡು ಆಮೇಲೆ ಕೋಣೆಗೆ ಕಾಲಿಡು. ಅದೂ ನಮ್ ಮನೆ ಒಳಗೇ ತಾನೆ. ಮೈಲಿಗೆ ತಗುಲಿದ್ರೆ ಹುಳ ತಡ್ಕೊಳಲ್ಲ."

ಬಿಸಿನೀರಿನ ಹಂಡೆ ಬಚ್ಚಲಲ್ಲಿ, ಬಚ್ಚಲು ಮನೆಯೊಳಗೆ, ಮೈಲಿಗೆಯವಳು ಒಳಗೆ ಹೋಗುವಂತಿಲ್ಲ. ಹಿತ್ತಲಲ್ಲಿದ್ದದ್ದು ಕಲ್ಲಿನ ತೊಟ್ಟಿಯ ನೀರು, ಮರೆಗೆ ಹಿಪ್ಪುನೇರಳೆ ಕಡ್ಡಿಯ ತಡಿಕೆ. ಚಳಿಗೆ ಹೆದರಿ ಬೆಚ್ಚಗಿನ ಕೋಣೆ ಹುಡುಕಿದ ಜಾಣೆ ನಾನು, ಆ ಕೋಣೆಗೆ ಹೋಗಬೇಕಾದರೆ ಮಾರ್ಗಶಿರದ ಬೆಳಗಿನಲ್ಲಿ ತಣ್ಣೀರು ಸುರಿದುಕೊಳ್ಳಬೇಕು. ನನಗೋ ಇದ್ದದ್ದು ಹೆರಿಗೆಯೊಂದೇ ಕೆಲಸ. ಮೊದಲ ಚೊಂಬು ಬಿದ್ದಾಗ ಉಸಿರೇ ನಿಲ್ಲುತ್ತಿತ್ತು. ಬಾಯಿಗೆ ಬಂದ ಬೈಗುಳವನ್ನೆಲ್ಲ ಕುಂದಾಪುರದ ಮಾತಿನಲ್ಲಿ ಬೈದುಕೊಳ್ಳುತ್ತಿದ್ದೆ. ಅದು ಅವರಿಗೆ ತಿಳಿಯುತ್ತಿರಲಿಲ್ಲ. ಆಮೇಲೆ ಓಡಿಹೋಗಿ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದೆ.

ಅಲ್ಲಿ ಕೂತರೆ ಆ ಕಡೆಯ ಬದುಕು ಕೇಳಿಸುತ್ತಿತ್ತು. ದೊಡ್ಡ ಹುಳಗಳು ಸೊಪ್ಪು ಮೇಯುವ ಸದ್ದು ತುಂತುರು ಮಳೆಯ ಹಾಗೆ ಇರುತ್ತದೆ. ಗಂಡ ಹೆಂಡತಿ ತಟ್ಟೆಗಳಿಗೆ ಸೊಪ್ಪು ಹಾಕುತ್ತ ತೆಲುಗಿನಲ್ಲಿ ಮಾತಾಡುತ್ತಿದ್ದರು, ನಗುತ್ತಿದ್ದರು. ತಮ್ಮೊಳಗೆ ತೆಲುಗು, ನನ್ನ ಜೊತೆ, ಪೋಸ್ಟಿನವನ ಜೊತೆ, ಗೂಡು ಕೊಳ್ಳಲು ಬಂದವರ ಜೊತೆ ಕನ್ನಡ. ಯಜಮಾನಿ ನನಗೆ ಎಂದೂ ಒರಟಾಗಿ ಮಾತಾಡಲಿಲ್ಲ. ಆದರೆ ಆ ಚಿಲಕ ಒಮ್ಮೆಯೂ ತೆಗೆಯಲಿಲ್ಲ. ಒಂದು ದಿನ, ಒಂದೇ ಒಂದು ದಿನ, ಆ ಬಾಗಿಲು ತೆಗೆದು "ಊಟ ಆಯ್ತಾ" ಎಂದು ಕೇಳಲಿ ಎಂದು ನಾನು ಎಷ್ಟು ಆಸೆಪಟ್ಟೆನೆಂದರೆ, ಈಗ ನೆನೆದರೂ ನಾಚಿಕೆಯಾಗುತ್ತದೆ. ದಿನಾ ನಾಲ್ಕು ಊರು ಸುತ್ತಿ ಹತ್ತು ಮನೆಗಳ ಒಳಕೋಣೆಯವರೆಗೆ ಹೋಗುವವಳು ನಾನು. ಹೆರಿಗೆಯಾಗುವವರೆಗೆ ಎಲ್ಲರಿಗೂ ದೇವರು, ಆದ ಮೇಲೆ ಎಲ್ಲರಿಗೂ ಮೈಲಿಗೆ.

ಸಂಕ್ರಾಂತಿ ಕಳೆದ ಮೇಲೆ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಮನೆಯಲ್ಲಿ ಹುಳ ಇದ್ದುದರಿಂದ ದಿನ ತುಂಬುವ ಮೊದಲೇ ಚಿಂತಾಮಣಿ ಆಸ್ಪತ್ರೆಗೆ ಸೇರಿಸುವುದೆಂದು ಮಾತಾಗಿತ್ತು. ಆದರೆ ಹುಳ ಹಣ್ಣಾಗಿ ಗೂಡು ಕಟ್ಟಲು ತಲೆಯೆತ್ತುತ್ತಿದ್ದ ದಿನವೇ, ಬೆಳಗಿನ ಬಸ್ಸು ಹೋದ ಮೇಲೆ, ಹುಡುಗಿಗೆ ನೋವು ಶುರುವಾಯಿತು. ನಾನು ಸೈಕಲ್ ತೆಗೆಯುತ್ತಿದ್ದೆ. ಯಜಮಾನಿ ಬೀದಿಗೆ ಓಡಿ ಬಂದು ಹ್ಯಾಂಡಲ್ ಹಿಡಿದುಕೊಂಡರು. ಆ ಮುಖ ಅಷ್ಟು ಬಿಳಿಚಿದ್ದನ್ನು ನಾನು ನೋಡಿರಲಿಲ್ಲ.

ನಾನು ಹುಡುಗಿಯ ಹೊಟ್ಟೆ ಮುಟ್ಟಿ ನೋಡಿದೆ. ಗಾಡಿ ಕಟ್ಟುವಷ್ಟು ಹೊತ್ತೂ ಇರಲಿಲ್ಲ. "ಇಲ್ಲೇ ಆಗಬೇಕು" ಎಂದೆ.

"ಇಲ್ಲಿ ಹೆಂಗಮ್ಮ? ಹುಳ..." ಎಂದರು. ತಿಂಗಳೊಪ್ಪತ್ತಿನ ದುಡಿಮೆಯೆಲ್ಲ ಗೋಡೆಯಾಚೆ ತಲೆಯೆತ್ತಿ ನಿಂತಿತ್ತು. ಈ ಕಡೆ ಮಗಳು ಬಾಗಿಲ ಚೌಕಟ್ಟು ಹಿಡಿದು ನರಳುತ್ತಿದ್ದಳು. ಯಜಮಾನಿ ಅವಳನ್ನು ನೋಡಿದರು, ಒಳಗೆ ನೋಡಿದರು, ಆಮೇಲೆ ನನ್ನ ಕೋಣೆಯ ಕಡೆ ನೋಡಿದರು.

"ನಿನ್ ಕೋಣೆಗೆ ಬಾಗಿಲು ಬೀದಿಗಲ್ವಾ? ಅದು ಮನೆ ಹೊರಗೇ ಆಯ್ತಲ್ಲ."

ಚಳಿಗಾಲವೆಲ್ಲ ನಾನು ತಣ್ಣೀರು ಸುರಿದುಕೊಂಡದ್ದು ಆ ಕೋಣೆ ಮನೆಯ ಒಳಗಿದೆ ಎಂದು! ಅವರಿಗೆ ಬೇಕಾದಾಗ ಅದು ಎದ್ದು ಬೀದಿಗೆ ಹೋಯಿತು. ಸಿಟ್ಟು ನೆತ್ತಿಗೇರಿತು. ಆದರೆ ನೋವು ತಿನ್ನುತ್ತಿರುವ ಹುಡುಗಿಯ ಮುಂದೆ ಸಿಟ್ಟಿಗೆ ಎಲ್ಲಿ ಜಾಗ? ಅವಳನ್ನು ಕೈಹಿಡಿದು ಬೀದಿ ಸುತ್ತಿ ಕರೆತಂದು ನನ್ನ ಹಾಸಿಗೆಯ ಮೇಲೆ ಮಲಗಿಸಿದೆ. ಯಜಮಾನಿ ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಆ ಗಳಿಗೆಯಿಂದ ಅವರೂ ಹುಳದ ಕೋಣೆಗೆ ಹೋಗುವಂತಿರಲಿಲ್ಲ. ಗೋಡೆಯಾಚೆ ಗಂಡ ಒಬ್ಬರೇ ಹಣ್ಣಾದ ಹುಳಗಳನ್ನು ಆರಿಸುತ್ತಿದ್ದರು. ಮಧ್ಯಾಹ್ನಕ್ಕೆ ಹೆಣ್ಣು ಮಗು ಹುಟ್ಟಿತು, ಹುಟ್ಟಿದ ಕೂಡಲೇ ಜೋರಾಗಿ ಅತ್ತಿತು.

ಎಲ್ಲ ತೊಳೆದು ಮುಗಿಸಿ, ರೂಢಿಯಂತೆ ಹಿತ್ತಲಿಗೆ ಹೋದೆ. ತಡಿಕೆಯ ಹಿಂದೆ ಮೂರು ಕಲ್ಲು ಹೂಡಿ ಕಡ್ಡಿ ಉರಿ ಹಾಕಿದ್ದರು. ದೊಡ್ಡ ಪಾತ್ರೆಯಲ್ಲಿ ನೀರು ಹೊಗೆಯಾಡುತ್ತಿತ್ತು. ಯಜಮಾನಿ ಸೆರಗು ಸಿಕ್ಕಿಸಿಕೊಂಡು ಚೊಂಬು ಹಿಡಿದು ನಿಂತಿದ್ದರು.

"ರಾಮ್ಮಾ, ಕೂಚೋ" ಎಂದರು. ಬಾಮ್ಮ, ಕೂತ್ಕೋ. ಮಗಳಿಗೆ ಹೇಳುವ ಹಾಗೆ, ತೆಲುಗಿನಲ್ಲಿ.

ನಾನು ಕಲ್ಲಿನ ಮೇಲೆ ಕೂತೆ. ಅವರು ತಲೆಯ ಮೇಲೆ ಬಿಸಿನೀರು ಸುರಿದರು. ಬೆನ್ನು ಉಜ್ಜಿದರು. ಒರಟು ಕೈ, ಬೆರಳ ತುಂಬ ಸೊಪ್ಪಿನ ಕರೆ. ಊರು ಬಿಟ್ಟ ಮೇಲೆ ಇನ್ನೊಬ್ಬರು ನನಗೆ ನೀರು ಹಾಕಿದ್ದು ಅದೇ ಮೊದಲು. ನಾನು ಅಳುತ್ತಿದ್ದೆ, ನೀರಿನಲ್ಲಿ ಕಾಣಲಿಲ್ಲ. ಆಮೇಲೆ ಚೊಂಬು ತೆಗೆದುಕೊಂಡು ನಾನು ಅವರಿಗೆ ಸುರಿದೆ. ಇಬ್ಬರೂ ಮೈಲಿಗೆಯವರು, ಇಬ್ಬರೂ ಹೊರಗಿನವರು. ಅಷ್ಟು ಸುಖವಾಗಿ ನಾನು ಆ ಸೀಮೆಯಲ್ಲಿ ಮತ್ತೆಂದೂ ಕೂತಿಲ್ಲ.

ತಲೆ ಒರೆಸಿಕೊಳ್ಳುತ್ತ ಅವರು ಹೇಳಿದರು, "ಬಾಣಂತಿ, ಕೂಸು, ಬೆಚ್ಚಗಿರ್ಬೇಕು ಅಲ್ವಾ ನರ್ಸಮ್ಮ. ಆ ಕೋಣೆ ಬಿಟ್ರೆ ಬೇರೆ ಇಲ್ಲ ನಮ್ಗೆ." ಕನ್ನಡದಲ್ಲಿ ಹೇಳಿದರು.

ಬೆಚ್ಚಗಿರಬೇಕು ಎಂದು ಮನೆಮನೆಗೆ ಹೋಗಿ ಹೇಳುವವಳೇ ನಾನು. "ಹೌದಮ್ಮ, ಇರಲಿ" ಎಂದೆ. ಹಾಸಿಗೆಯನ್ನು ಬಾಣಂತಿಗೇ ಬಿಟ್ಟು, ಅಂದು ಸಂಜೆಯೇ ಕಂಬಳಿಯನ್ನು ಕ್ಯಾರಿಯರಿಗೆ ಕಟ್ಟಿ, ಟ್ರಂಕನ್ನು ಗಾಡಿಯಲ್ಲಿ ಹಾಕಿಸಿ, ಶಿಡ್ಲಘಟ್ಟದ ಆ ಚಪ್ಪಡಿ ಕಲ್ಲಿನ ಕೋಣೆಗೆ ಹೋದೆ. ಎದುರುಗಾಳಿ. ಹುಣಿಸೆ ಮರಗಳ ಕೆಳಗೆ ಆ ಒಳ್ಳೆಯ ರಸ್ತೆ ಅವತ್ತು ಮುಗಿಯಲೇ ಇಲ್ಲ.

ಪುರುಡು ಕಳೆದ ಮೇಲೆ ಮಗುವಿನ ತೂಕ ನೋಡಲು ಹೋದೆ. ಗೂಡಿನ ಬೆಳೆ ಚೆನ್ನಾಗಿ ಬಂದಿತ್ತು, ಹೊಸ ಮರಿಹುಳ ತಂದು ಮತ್ತೆ ಕುಂಡ ಹಚ್ಚಿದ್ದರು. ಯಜಮಾನಿ ಕಾಫಿ ಕೊಟ್ಟರು. "ಕೂತ್ಕೊಳಮ್ಮ, ಏನ್ ಅವಸರ" ಎಂದರು. ನನ್ನ ಹಾಸಿಗೆಯಿದ್ದ ಮೂಲೆಯಲ್ಲಿ ತೊಟ್ಟಿಲು ತೂಗುತ್ತಿತ್ತು. ಒಳಬಾಗಿಲು ಹಾರುಹೊಡೆದಿತ್ತು. ಅದರೊಳಗಿಂದ ಬೆಚ್ಚನೆಯ ಗಾಳಿ ಬರುತ್ತಿತ್ತು, ಸೊಪ್ಪಿನ ವಾಸನೆ ಬರುತ್ತಿತ್ತು, ತೆಲುಗಿನ ಮಾತು ಬರುತ್ತಿತ್ತು. ಮಗುವನ್ನು ತೂಗಿ ತಾಯಿಗೆ ಕೊಟ್ಟು, ಕಾಫಿ ಲೋಟ ತೊಳೆದಿಟ್ಟು, ನಾನು ಬೀದಿ ಬಾಗಿಲಿನಿಂದ ಹೊರಗೆ ಬಂದೆ.